ಗಾಲಿಮನೆಯ ಅಡ್ಡಪಟ್ಟಿ

"ಇದೇನ್ರೀ, ಸೀಸೆಗಳಿಗೆಲ್ಲಾ ಬೇಲಿ ಆಕಿದ್ದೀರಾ?"

ಗಾಲಿಮನೆಯೊಳಗೆ ಔಷಧಿ ಹಲಗೆಯ ಮುಂದೆ ಉದ್ದಕ್ಕೂ ಹೊಡೆದಿದ್ದ ಅಡ್ಡಪಟ್ಟಿಯನ್ನು ಮುನಿಗಂಗಮ್ಮ ಬೆರಳಿನಿಂದ ತಟ್ಟಿದಳು. ಕುಪ್ಪುಸ್ವಾಮಿ ಬಾಯಲ್ಲಿ ಕಚ್ಚಿಕೊಂಡಿದ್ದ ಮೊಳೆಗಳನ್ನು ಅಂಗೈಗೆ ತೆಗೆದುಕೊಂಡು ನಕ್ಕ.

"ಊರಿಗಾಮಲ್ಲಿ ಎಲ್ರ ಮನೇಲೂ ಇಂಗೇ, ನರ್ಸಮ್ಮ. ಏರ್‌ಬ್ಲಾಸ್ಟ್ ಆದ್ರೆ ಪಾತ್ರೆ ಬೀಳಬಾರದಲ್ಲ."

ಊರಿಗಾಮಿನ ಚಿನ್ನದ ಗಣಿಯ ಆಳದಲ್ಲಿ ಬಂಡೆ ಒತ್ತಡ ತಾಳದೆ ಸಿಡಿದರೆ ಮೇಲಿನ ಊರೇ ನಡುಗುತ್ತದೆಂದು ಅವಳು ಕೇಳಿದ್ದಳು. ಬಂಗಾರಪೇಟೆ ಪಕ್ಕದ ಹಳ್ಳಿಯವಳು, ಕಂಡಿರಲಿಲ್ಲ.

"ನಾನು ಈ ಗಾಡೀನ ಗಣಿಯೊಳಕ್ಕೆ ತಕ್ಕೊಂಡೋಗ್ತೀನಾ? ಹೆರಿಗೆ ನೋವಲ್ಲಿ ಒಬ್ಳು ಕೂಗ್ತಿರುವಾಗ ಈ ಬೇಲಿ ದಾಟ್ಸಿ ಸೀಸೆ ತೆಗೀತಾ ನಿಂತ್ಕೊಳ್ಳಾ?"

ಬಾಗಿಲಲ್ಲಿ ಎಲೆ ಅಗಿಯುತ್ತಿದ್ದ ಆಯಾ ಪಾಪಕ್ಕ, "ಬೇಲಿ ಇರೋದು ಸೀಸೆಗಲ್ಲ ಕಣಮ್ಮೀ, ನಿಮ್ಮಿಬ್ರ ಮಧ್ಯೆ," ಎಂದಳು.

ಇಬ್ಬರೂ ಕೇಳಿಸದವರಂತೆ ಇದ್ದರು.

ಗಣಿಗಳು ಸರ್ಕಾರದ ಕೈಗೆ ಬಂದ ಮೇಲೆ ತನ್ನ ದೇಶಕ್ಕೆ ಹೋದ ದೊರೆಯೊಬ್ಬ ಈ ಗಾಲಿಮನೆಯನ್ನು ಬಂಗಲೆಯ ಹಿಂದೆ ಬಿಟ್ಟಿದ್ದ. ಜೀಪಿಗೆ ಕಟ್ಟಿ ಹಳ್ಳಿ ಹಳ್ಳಿಗೆ ಎಳೆದೊಯ್ಯಲೆಂದು ಬಂಗಾರಪೇಟೆಯ ಹೆರಿಗೆ ಆಸ್ಪತ್ರೆಯೊಂದು ಅದನ್ನು ಪಡೆದಿತ್ತು. ದೊರೆ ಬ್ರಾಂದಿ ಇಡುತ್ತಿದ್ದ ಬೀರು ಔಷಧಿಯ ಹಲಗೆಯಾಯಿತು. ಮೆತ್ತನೆಯ ಸೋಫಾ ಹೋಗಿ ಹಲಗೆಮಂಚ ಬಂತು. ಗಣಿಯೊಳಗೆ ಬಂಡೆಗೆ ಮರದ ಆಸರೆ ಕೊಡುವ ಕುಪ್ಪುಸ್ವಾಮಿ ರಜೆಯ ದಿನಗಳಲ್ಲಿ ಈ ಕೆಲಸ ಮಾಡುತ್ತಿದ್ದ.

ಅಳತೆ ನೋಡಲೆಂದು ಅವಳು ರೈಲಿನಲ್ಲಿ ಬರುತ್ತಿದ್ದಳು. ಅಳತೆ ಮುಗಿದ ಮೇಲೂ ಬರುತ್ತಿದ್ದಳು. ಹಲಗೆಯ ಎತ್ತರ ಗುರುತಿಸಲು ಅವನು "ಕೈ ಎತ್ತಿ" ಎಂದ ದಿನ, ಅವಳ ಬೆರಳ ತುದಿಗೆ ಸೀಮೆಸುಣ್ಣ ತಾಗಿತ್ತು. ಗೆರೆ ಎಳೆದಾದ ಮೇಲೂ ಅವನ ಕಣ್ಣು ಗೆರೆಗೆ ಬರದೆ ಬೆರಳ ಮೇಲೆಯೇ ನಿಂತಿತ್ತು. ರೈಲು ಬಂಗಾರಪೇಟೆ ತಲಪುವವರೆಗೂ ಅವಳು ಆ ಬೆರಳು ಒರೆಸಿಕೊಂಡಿರಲಿಲ್ಲ.

"ಗಾಡಿ ಸೋಮವಾರ ಓಗುತ್ತೆ," ಎಂದಳು ಈಗ, ಪಾಪಕ್ಕ ಎಲೆ ಉಗುಳಲು ಆಚೆ ಹೋದಾಗ. "ಜೊತೇಲಿ ಇರೋಕೆ ಒಬ್ಬ ಆಳು ಬೇಕು. ಡಾಕ್ಟರಮ್ಮ ನಿಮ್ಮನ್ನೇ ಕೇಳವ್ರೆ."

"ಗಣಿ ಕೆಲಸ ಬಿಟ್ರೆ ಗಣಿಯೋರು ಲೈನಲ್ಲಿ ಕೊಟ್ಟಿರೋ ಮನೇನೂ ಬಿಡ್ಬೇಕು. ಅಪ್ಪ ಕಣ್ಮುಚ್ಚಿದ ಮನೆ ಅಂತ ಅಮ್ಮ ಅಲ್ಲಾಡಾಕಿಲ್ಲ."

"ಅಮ್ಮನ ಮಾತಾಯ್ತು. ನಿಮ್ಮದು?"

ಅವನು ಮರ ಉಜ್ಜತೊಡಗಿದ. ಮಂಚದ ಕೆಳಗೆ ಡ್ರಾಯರ್ ಇರಬೇಕಾದ ಕಡೆ ಖಾಲಿ ಜಾಗ ಅವಳ ಕಣ್ಣಿಗೆ ಬಿತ್ತು.

"ಇದ್ಯಾಕೆ ಇಂಗೆ ಬಿಟ್ರಿ?"

"ಇರ್ಲಿ ಬಿಡಿ."

"ಯಾರಿಗೆ ಇರ್ಲಿ?"

ಅವನು ಉಳಿದ ಮೊಳೆಗಳನ್ನು ಡಬ್ಬಿಗೆ ತುಂಬತೊಡಗಿದ.

ಮರುದಿನ ಬೆಳಿಗ್ಗೆ ಅವಳು ಔಷಧಿ ಜೋಡಿಸಲು ಬಂದಾಗ ಅವನು ಗಣಿಗೆ ಇಳಿದಾಗಿತ್ತು. ಒಂದು ಮಾತು ಹೇಳಿಹೋಗಬಾರದಿತ್ತೇ? ಮೂಲೆಯಲ್ಲಿದ್ದ ಸುತ್ತಿಗೆ ತೆಗೆದುಕೊಂಡು ಮೇಲಿನ ಹಲಗೆಯ ಅಡ್ಡಪಟ್ಟಿಯನ್ನು ಕಿತ್ತಳು. ಒಂದು ಕೈಯಲ್ಲಿ ಪಟ್ಟಿ ಹಿಡಿದೇ ಸೀಸೆಗಳನ್ನು ಸಾಲಾಗಿ ಇಟ್ಟಳು. ಈಗ ಎಷ್ಟು ಸಲೀಸು!

ಕಾಲಡಿಯಲ್ಲಿ ಗುಡುಗಿತು.

ಯಾರೋ ಗಾಲಿಮನೆಯನ್ನು ಎತ್ತಿ ಕುಕ್ಕಿದಂತಾಯಿತು. ಮೇಲಿನ ಸಾಲಿನ ಸೀಸೆಗಳೆಲ್ಲ ಒಮ್ಮೆಗೇ ಬಿದ್ದು ಚೂರಾದವು. ಟಿಂಚರ್ ವಾಸನೆ ಗಪ್ಪನೆ ಎದ್ದಿತು. ಕೆಳಗಿನ ಹಲಗೆಯ ಸೀಸೆಗಳು ಅಡ್ಡಪಟ್ಟಿಗೆ ಒರಗಿ, ನಡುಗುತ್ತಾ, ನಿಂತೇ ಇದ್ದವು.

ಹೊರಗೆ ಹೆಂಗಸರು ಓಡುತ್ತಿದ್ದರು. ಅವಳೂ ಓಡಿದಳು.

ಗಣಿಗೆ ಇಳಿಯುವ ಶಾಫ್ಟಿನ ಗೇಟಿನ ಬಳಿ ಯಾರೂ ಅಳುತ್ತಿರಲಿಲ್ಲ. ಎಲ್ಲರೂ ಮೇಲಿನ ದೊಡ್ಡ ಚಕ್ರವನ್ನೇ ನೋಡುತ್ತಿದ್ದರು. ಅದು ತಿರುಗಿದರೆ ಆಳುಗಳನ್ನು ಹೊತ್ತ ಕೇಜು ಮೇಲೆ ಬರುತ್ತಿದೆ ಎಂದರ್ಥ. ಅದು ತಿರುಗುತ್ತಿರಲಿಲ್ಲ.

"ನೀನೇನಾ ಗಾಡಿ ನರ್ಸಮ್ಮ?" ಪಕ್ಕದಲ್ಲಿದ್ದ ಮುದುಕಿ ಕೇಳಿದಳು. "ನಾನು ಮಾರಿಯಮ್ಮ. ಕುಪ್ಪು ತಾಯಿ."

ಮುನಿಗಂಗಮ್ಮ ಅವಳತ್ತ ತಿರುಗಿದಳು.

"ಮೊನ್ನೆ ನನ್ನ ಪೆಟ್ಟಿ ಅಳತೆ ತಕ್ಕೊಂಡ. ಯಾಕ್ಲಾ ಅಂದೆ. ಬಂಗಾರಪೇಟೇಲಿ ಮನೆ ಇಡಿಯೋಗಂಟ ಗಾಡಿ ಮಂಚದ ಕೆಳಗೆ ಇರ್ತದಮ್ಮ, ಜಾಗ ಮಾಡಿದೀನಿ ಅಂದ. ನನ್ನ ಹೆಣ ಎತ್ತಿದ್ಮೇಲೆ ಓಗು ಅಂತ ಬೈದ್ಬಿಟ್ಟೆ." ಮುದುಕಿ ಚಕ್ರದಿಂದ ಕಣ್ಣು ತೆಗೆಯಲಿಲ್ಲ. "ಮೇಲಕ್ಕೆ ಬಂದ್ರೆ ಸಾಕು ಕಣ್ಣೂ. ಆ ಮನೆ ಯಾರಿಗೆ ಬೇಕು."

ಗಂಗಮ್ಮ ಅವಳ ಕೈ ಹಿಡಿದಳು. ಆ ಖಾಲಿ ಜಾಗದಲ್ಲಿ ಉತ್ತರ ಆಗಲೇ ಇತ್ತು. ಅದನ್ನು ಅವನು ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೇ.

ಬಿಸಿಲು ಏರಿತು. ಚಕ್ರ ಒಮ್ಮೆ ಅಲುಗಿ ನಿಂತಿತು. ಮತ್ತೆ ಅಲುಗಿ, ತಿರುಗತೊಡಗಿತು.

ಮೊದಲ ಕೇಜಿನಲ್ಲಿ ಕಾಲು ಮುರಿದವನೊಬ್ಬನನ್ನು ತಂದರು. ಅವನಲ್ಲ. ಎರಡನೆಯದರಲ್ಲೂ ಇಲ್ಲ. ಕೊನೆಯ ಕೇಜಿನಿಂದ, ಮೈಯೆಲ್ಲ ಕಲ್ಲುಹಿಟ್ಟು ಮೆತ್ತಿಕೊಂಡು, ಬೆಳಕಿಗೆ ಕಣ್ಣು ಕಿರಿದು ಮಾಡುತ್ತಾ ಕುಪ್ಪುಸ್ವಾಮಿ ಹೊರಬಂದ. ತಾಯಿ ಅವನ ಮುಖ, ತೋಳು, ಬೆನ್ನು ಸವರಿ ನೋಡಿ, ಕೊನೆಗೆ ಭುಜಕ್ಕೊಂದು ಏಟು ಕೊಟ್ಟಳು.

"ನನ್ನ ಪೆಟ್ಟಿ ಮೇಲೆ ಬೇರೆ ಸಾಮಾನು ಒಟ್ಟಬಾರದು. ಈಗ್ಲೇ ಏಳಿದೀನಿ."

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅವನು ಗಂಗಮ್ಮನನ್ನು ನೋಡಿದ. ಅವಳ ಕೈಯಲ್ಲಿದ್ದುದನ್ನೂ ನೋಡಿದ. ಕಿತ್ತ ಪಟ್ಟಿಯನ್ನು ಹಿಡಿದುಕೊಂಡೇ ಓಡಿಬಂದಿದ್ದೇನೆಂದು ಅವಳಿಗೂ ತಿಳಿದದ್ದು ಆಗಲೇ.

"ಕಿತ್ತಾಕಿದ್ರಾ?"

"ಹೂಂ."

"ಸೀಸೆ?"

"ಮೇಲಿನ್ವೆಲ್ಲಾ ಒಡೆದೋದ್ವು." ಅವಳ ಕಣ್ಣು ತುಂಬಿ ಹರಿಯಿತು. "ಬಾಯಿಬಿಟ್ಟು ಏಳಕ್ಕೇನಾಗಿತ್ತು ನಿಮಗೆ?"

"ಅಮ್ಮ ಒಪ್ಪದೆ ನಿಮಗೆ ಆಸೆ ಉಟ್ಟಿಸಬಾರದು ಅಂತ."

"ನನ್ನ ಆಸೆ ಉಟ್ಟಿ ಬಾಳ ದಿನ ಆಗೈತೆ."

ಅವನು ನಗಲು ಹೋಗಿ ಕೆಮ್ಮಿದ. ಕೈ ಚಾಚಿ ಪಟ್ಟಿಯ ಇನ್ನೊಂದು ತುದಿ ಹಿಡಿದ.

"ಮೊಳೆ ಐತೆ, ಗಂಗಾ. ಕೈ ಜೋಪಾನ."

ಅವಳು ಪಟ್ಟಿ ಬಿಡಲಿಲ್ಲ. "ನಡೀರಿ. ಮೊದ್ಲು ಇದನ್ನ ಮತ್ತೆ ಅದ್ರ ಜಾಗಕ್ಕೆ ಬಡೀರಿ," ಎಂದಳು.