ಬಣ್ಣ ಇಳಿಯುವ ತನಕ

ಟಿಪ್ಪರ್ ಲಾರಿ ಎರಡನೇ ಸಲ ನನ್ನ ಮೇಲೆ ಬಂತು!

ಮೊದಲ ಸಲ ಬೈಕಿನ ಕನ್ನಡಿ ಹಾರಿಹೋಗಿತ್ತು. ಈ ಸಲ ನಾನೇ ಹಾರಿದೆ. ಬೈಕು ಒಂದು ಕಡೆ, ನಾನು ಒಂದು ಕಡೆ. ಜಾಲಿ ಮುಳ್ಳಿನ ಮೇಲೆ ಮಕಾಡೆ ಬಿದ್ದೆ. ಬಾಯಿ ತುಂಬ ಅದಿರಿನ ಕೆಂಪು ಧೂಳು.

ಲಾರಿ ಮುಂದೆ ಹೋಗಿ ನಿಂತಿತು. ಡ್ರೈವರ್ ತಲೆ ಹೊರಗೆ ಹಾಕಿದ. ಮುಖಕ್ಕೆ ಟವೆಲ್ ಸುತ್ತಿದ್ದ.

"ಲೇ ಅಂಜಿನಿ! ಊರು ಸೇರಬ್ಯಾಡ. ಸಂಜೀತನ ಇಲ್ಲೇ ಬಿದ್ದಿರು!"

"ಕೆಳಗಿಳಿದು ಬಂದು ಹೇಳಲೇ!"

ಇಳಿಯಲಿಲ್ಲ. ಗೇರ್ ಬಿತ್ತು. ರಿವರ್ಸ್!

ಕೈಗೆ ಸಿಕ್ಕ ಕಲ್ಲು ಬೀಸಿದೆ. ಪಕ್ಕದ ಗಾಜು ಪುಡಿಯಾಯಿತು. ಅಷ್ಟರಲ್ಲಿ ತೋರಣಗಲ್ಲಿನ ಕಡೆಯಿಂದ ಕಾರ್ಖಾನೆಯ ಶಿಫ್ಟ್ ಬಸ್ಸೊಂದು ಹಾರ್ನ್ ಹೊಡೆಯುತ್ತ ಬಂತು. ಅದನ್ನು ಕಂಡು ಟಿಪ್ಪರ್ ಪರಾರಿಯಾಯಿತು.

ನನ್ನ ಹೆಸರು ಅವನಿಗೆ ಗೊತ್ತಿತ್ತು. ನಾನು ವಡ್ಡು ಹಳ್ಳಿಗೆ ಬಂದದ್ದೂ ಗೊತ್ತಿತ್ತು. ಅಂದರೆ ನನ್ನನ್ನು ಇಲ್ಲಿಗೆ ಅಟ್ಟಿದವನೇ ಇವನನ್ನೂ ನನ್ನ ಹಿಂದೆ ಬಿಟ್ಟಿದ್ದಾನೆ.

ನನ್ನದು ಹೊಸಪೇಟೆ. ಕಳೆದುಹೋದವರನ್ನು ಹುಡುಕುವುದು ದಂಧೆ. ಓಡಿಹೋದ ಗಂಡ, ಮುನಿಸಿಕೊಂಡು ಹೋದ ಮಗಳು, ಕದ್ದ ಜೆಸಿಬಿ... ಏನಾದರೂ ಸರಿ. ಬೋರ್ಡಿಲ್ಲ, ಆಫೀಸಿಲ್ಲ, ಫೋನಿದೆ.

ಆ ಬೆಳಿಗ್ಗೆ ಫೋನ್ ಮಾಡಿದವಳು ಜಂಬಮ್ಮ.

ನೀವು ಆಕೆಯ ಹಾಡು ಕೇಳಿಲ್ಲ ಅಂದರೆ ನಿಮ್ಮ ಮೇಲೆ ನನಗೆ ಕನಿಕರ. ಪಂಪಾಂಬಿಕಾ ಸಂಗೀತ ನಾಟಕ ಕಂಪನಿಯ ನಾಯಕಿ ಆಕೆ. ವರ್ಷಕ್ಕೊಮ್ಮೆ ನಮ್ಮೂರಲ್ಲಿ ಕಂಪನಿಯ ಒಂದು ವಾರದ ಕ್ಯಾಂಪು. ತಗಡಿನ ಗೋಡೆ, ತಾಡಪತ್ರಿ ಸೂರು, ಪ್ಲಾಸ್ಟಿಕ್ ಕುರ್ಚಿ. ಆ ವಾರ ನಾನು ಬೇರೆ ಕೆಲಸ ಹಿಡಿಯುವುದಿಲ್ಲ. ಯಾಕೆ ಅಂತ ಕೇಳಬೇಡಿ... ಹೋಗಲಿ, ಹೇಳಿಯೇಬಿಡುತ್ತೇನೆ. ನನಗೆ ಆಕೆ ಅಂದರೆ ಜೀವ. ಆಕೆಗೆ ಕೊಟ್ರಯ್ಯ ಮಾಸ್ತರು ಅಂದರೆ ಜೀವ. ಮಾಸ್ತರು ಆಕೆಯ ಗಂಡ. ಕಂಪನಿಯ ಹಾರ್ಮೋನಿಯಂ ಪೆಟ್ಟಿಗೆ ಅವರದು. ಯಾರಿಗೆ ಯಾವ ಪಾರ್ಟು ಎಂದು ತೀರ್ಮಾನಿಸುವವರೂ ಅವರೇ. ಎಷ್ಟು ಒಳ್ಳೆಯ ಮನುಷ್ಯ ಅಂದರೆ, ಪ್ರಯತ್ನಪಟ್ಟರೂ ನನಗೆ ಅವರ ಮೇಲೆ ಹೊಟ್ಟೆಕಿಚ್ಚು ಬರಲಿಲ್ಲ.

"ಅಂಜಿನಿ... ಮಾಸ್ತರು ಕಾಣವಲ್ರು," ಅಂದಳು.

"ಯಾವಾಗಿಂದ?"

"ನಸುಕಿನ್ಯಾಗ ಎದ್ದು ಹೋಗ್ಯಾರ. ಚಾ ಸೈತ ಕುಡಿದಿಲ್ಲ. ಈಗ ಯಾರೋ ಫೋನ್ ಮಾಡಿದ್ರು. ಅವರಿಗೆ ಆರಾಮಿಲ್ಲ, ವಡ್ಡಿನಾಗ ಒಬ್ರ ಮನ್ಯಾಗ ಮಲಗ್ಯಾರ ಅಂದ್ರು. ಯಾರ ಮನಿ ಅಂತ ಕೇಳೋದ್ರಾಗ ಕಟ್ ಮಾಡಿದ್ರು."

"ನಾ ಹೊಂಟೆ."

"ಇವತ್ತು ಕಡೀ ಆಟ. ಮ್ಯಾಟ್ನಿ. ನಾ ಹೆಂಗ ಬಣ್ಣ ಹಚ್ಚಲಿ?"

"ಹಚ್ರಿ. ಪರದೆ ಏಳೋದ್ರಾಗ ಮಾಸ್ತರನ್ನ ಪೆಟ್ಟಿಗಿ ಮುಂದ ಕುಂದ್ರಸ್ತೀನಿ!"

ಅಷ್ಟು ದೊಡ್ಡ ಮಾತಾಡಿದೆ. ಎಸ್‌ಐ ಪಂಪಾವತಿಗೂ ಒಂದು ಮಾತು ತಿಳಿಸಿ ಬೈಕು ಹತ್ತಿದೆ. ವಡ್ಡಿನಲ್ಲಿ ಮನೆ ಮನೆ ಬಾಗಿಲು ತಟ್ಟಿದೆ. ಮಾಸ್ತರನ್ನು ಕಂಡವರೇ ಇರಲಿಲ್ಲ. ವಾಪಸು ತಿರುಗಿದೆ... ಆಗ ಬಂತು ಆ ಲಾರಿ.

ಮೈಗೆ ನೆಟ್ಟ ಮುಳ್ಳು ಕೀಳುತ್ತಿದ್ದಾಗ ಫೋನ್ ಬಡಿದುಕೊಂಡಿತು. ಪಂಪಾವತಿ.

"ಅಂಜಿನಿ, ಹಂಪಿಗೆ ಬಾ."

"ಮಾಸ್ತರು ಸಿಕ್ರಾ ಮೇಡಂ?"



"ಜಲ್ದಿ ಬಾ," ಅಂದಳು.

ಸೊಟ್ಟಗಾದ ಹ್ಯಾಂಡಲ್ ಹಿಡಿದು ಓಡಿಸಿದೆ. ತೋರಣಗಲ್ಲು... ಪಾಪಿನಾಯಕನಹಳ್ಳಿ... ಹೊಸಪೇಟೆ... ಒಂದೂ ಕಣ್ಣಿಗೆ ಬೀಳಲಿಲ್ಲ.

ಹೊಳೆ ದಂಡೆಯ ಬಂಡೆಯ ಮೇಲೆ ಹರಿಗೋಲಿನವರು ಅವರನ್ನು ಎತ್ತಿ ಮಲಗಿಸಿದ್ದರು. ಪಂಚೆ ಒದ್ದೆ. ತಲೆಯ ಹಿಂದೆ ಪೆಟ್ಟು. ಕೈಗಳಿಗೆ ಏನೂ ಆಗಿರಲಿಲ್ಲ, ಉದ್ದ ಬೆರಳಿನ ಚೆಂದದ ಕೈಗಳು. ಒಂದು ಕೈ ಹಿಡಿದುಕೊಂಡು ಅಲ್ಲೇ ಕೂತೆ.

"ಕಾಲು ಜಾರಿರಬೇಕು," ಅಂದಳು ಪಂಪಾವತಿ.

"ಜಾರಿದ್ರ ನನ್ನ ವಡ್ಡಿಗೆ ಯಾಕ ಕಳಸ್ತಿದ್ರು? ಲಾರಿ ಯಾಕ ಬಿಡ್ತಿದ್ರು?"

ಆಕೆ ನನ್ನ ಹರಿದ ಅಂಗಿ ನೋಡಿದಳು. "ಸರಿ. ಮೊದ್ಲು ಹೆಂಡ್ತಿಗೆ ಹೇಳೋಣ ನಡಿ."

"ಈಗ ಹೇಳಂಗಿಲ್ರಿ ಮೇಡಂ. ಬಣ್ಣ ಹಚ್ಚಿರ್ತಾಳ."

ಕಂಪನಿಯ ಕಟ್ಟಳೆ ಅದು. ಮುಖಕ್ಕೆ ಬಣ್ಣ ಏರಿದ ಮೇಲೆ ಸಾವಿನ ಸುದ್ದಿ ಹೇಳುವಂತಿಲ್ಲ. ಹೆತ್ತ ತಾಯಿ ಹೋಗಿದ್ದರೂ ಅಷ್ಟೇ. ಆಟ ಮುಗಿಯಬೇಕು, ಮಂಗಳ ಹಾಡಬೇಕು, ಬಣ್ಣ ಇಳಿಯಬೇಕು. ಆಮೇಲೆ ಸುದ್ದಿ.

"ಇದು ಪೊಲೀಸ್ ಕೇಸು, ಅಂಜಿನಿ!"

"ಮಂಗಳ ಆಗೋತನ ತಡೀರಿ. ಕಾಲು ಹಿಡಕೊಂತೀನಿ."

"ಕಾಲು ಬಿಡು. ಆದ್ರ ಮಂಗಳ ಆದ ಮರುಗಳಿಗಿ ನಾ ಹೇಳಾಕಿ."

"ಬ್ಯಾಡ್ರಿ. ನಾನ ಹೇಳ್ತೀನಿ."

ಡೇರೆ ಮುಟ್ಟಿದಾಗ ಪರದೆ ಎದ್ದಿತ್ತು. ಹೌಸ್‌ಫುಲ್. ಪಂಪಾವತಿ ಗೇಟಿನಲ್ಲಿ ನಿಂತಳು. ನಾನು ಮುಂದಿನ ಸಾಲಿಗೆ ಹೋದೆ. ಪೆಟ್ಟಿಗೆಯ ಮುಂದೆ ಯಾರೂ ಇಲ್ಲ. ಬರೀ ತಬಲಾ.

ಜಂಬಮ್ಮ ರಾಣಿಯ ವೇಷದಲ್ಲಿ ಬಂದಳು. ಹಾಡುತ್ತಲೇ ಜನರ ನಡುವೆ ಕಣ್ಣಾಡಿಸಿದಳು. ನಾನು ಸಿಕ್ಕೆ. ಕಣ್ಣಲ್ಲೇ ಕೇಳಿದಳು... ಸಿಕ್ಕರಾ?

ನಾನು ನಕ್ಕೆ.

ತಲೆಯಾಡಿಸಿದೆ. ಹೆಬ್ಬೆರಳು ಎತ್ತಿ ತೋರಿಸಿದೆ. ಇನ್ನೊಂದು ಸಲ ಲಾರಿಯ ಎದುರು ನಿಲ್ಲುವುದು ಆ ನಗುವಿಗಿಂತ ಸುಲಭವಿತ್ತು. ಆಕೆ ಕಣ್ಣು ಮುಚ್ಚಿದಳು. ಸ್ವರ ಒಂದು ಕ್ಷಣ ನಡುಗಿತು... ಮತ್ತೆ ಏರಿತು. ಪಾಪ, ನೆಮ್ಮದಿಯಾಯಿತು ಅಂದುಕೊಂಡೆ.

ಆಮೇಲೆ ರಾಜ ಬಂದ. ಉಚ್ಚೆಂಗಪ್ಪ. ಇಪ್ಪತ್ತು ವರ್ಷದಿಂದ ಈ ಕಂಪನಿಗೆ ಅವನೇ ರಾಜ. ಈಚೆಗೆ ಗಂಟಲು ಕೈಕೊಟ್ಟಿತ್ತು. ಮೇಲಿನ ಸ್ವರ ಬಂದರೆ ಕೆಮ್ಮಿ ಮುಚ್ಚಿಹಾಕುತ್ತಿದ್ದ. ಆದರೂ ಠೀವಿಗೆ ಕೊರತೆಯಿಲ್ಲ. ಯುದ್ಧದ ಸೀನಿನಲ್ಲಿ ಬಲಗೈಯಲ್ಲಿ ಗದೆ ಎತ್ತಿ ಗಿರ್ರನೆ ತಿರುಗಿಸಿದ. ಜನ ಸಿಳ್ಳೆ ಹೊಡೆದರು.

ನಾನು ಎದ್ದು ಪರದೆಯ ಹಿಂದೆ ಹೋದೆ. ನಾನು ವಡ್ಡಿಗೆ ಹೋಗುವುದು ಪಂಪಾವತಿ ಬಿಟ್ಟರೆ ಡೇರೆಯವರಿಗೆ ಮಾತ್ರ ಗೊತ್ತಿತ್ತು. ಹಾವು ಒಳಗೇ ಇತ್ತು.

ವೇಷದ ಬಟ್ಟೆ ನೋಡಿಕೊಳ್ಳುವ ಹೊನ್ನೂರಮ್ಮ ಎದುರಾದಳು. ಕೈಗೆ ಒಂದು ಚೂರು ಕೊಬ್ಬರಿ ಇಟ್ಟಳು.

"ಪೂಜಿ ಪ್ರಸಾದ, ತಗೋಪ. ಇವತ್ತು ಕಾಯಿ ನಾನ ಒಡದೀನಿ!"

"ನೀವ್ಯಾಕ? ದಿನಾ ಉಚ್ಚೆಂಗಪ್ಪ ಒಡೀತಾರಲ್ಲ?"

"ಬಲಗೈ ಉಳಕೈತಂತ. ಎತ್ತಾಕ ಬರವಲ್ದಂತ."

ಆಚೆ ಬಲಗೈಯ ಗದೆ ಗಿರ್ರನೆ ತಿರುಗುತ್ತಿತ್ತು.

"ಆರತಿ ಆದ್ರೂ ತಗೊಂಡ್ರಾ?"

"ಇಲ್ಲಪ. ದೂರ ನಿಂತಿದ್ರು, ಸೂತಕದಾಗ ಇದ್ದೋರಂಗ."

ಹೊನ್ನೂರಮ್ಮ ಸುಮ್ಮನೆ ಆಡಿದ ಮಾತು. ನನ್ನ ಕೈಯ ಕೊಬ್ಬರಿ ಕೆಳಗೆ ಬಿತ್ತು.

ಕಂಪನಿ ಅಂದರೆ ಒಂದೇ ಮನೆ. ಒಬ್ಬರು ಸತ್ತರೆ ಎಲ್ಲರಿಗೂ ಸೂತಕ. ಸಾವು ಗೊತ್ತಾದವರು ಪಾರ್ಟು ಮಾಡಬಹುದು, ರಂಗಪೂಜೆಯ ಕಾಯಿ ಮುಟ್ಟುವಂತಿಲ್ಲ. ಡೇರೆಯಲ್ಲಿ ಇನ್ನೂ ಯಾರಿಗೂ ಸಾವು ಗೊತ್ತಿರಲಿಲ್ಲ... ಒಬ್ಬನಿಗೆ ಬಿಟ್ಟು! ಮನುಷ್ಯನ ಜೀವ ತೆಗೆದವನು ತೆಂಗಿನಕಾಯಿಗೆ ಹೆದರಿದ್ದ.

ಸೀನು ಮುಗಿಸಿ ಒಳಗೆ ಬಂದವನನ್ನು ಅಡ್ಡಹಾಕಿದೆ.

"ಕೈ ಹೆಂಗೈತ್ರಿ ರಾಜ್ರೆ?"

"ಯಾವ ಕೈ?"

"ಕಾಯಿ ಒಡೀದ ಕೈ."

ಬಣ್ಣದ ಅಡಿಯಲ್ಲಿ ಮುಖ ಏನಾಯಿತೋ ಕಾಣಲಿಲ್ಲ. ಕಣ್ಣು ನೆಲ ನೋಡಿತು.

"ಮಾಸ್ತರು ಹಂಪ್ಯಾಗ ಸಿಕ್ರು," ಅಂದೆ.

ಟ್ರಂಕಿನ ಮೇಲೆ ಕುಸಿದು ಕೂತ.

"ಕೊಲ್ಲಬೇಕಂತ ಹೋಗಿದ್ದಿಲ್ಲ ಅಂಜಿನಿ..."

"ಮತ್ತ?"

"ಮುಂದಿನ ಕಂಪ್ಲಿ ಕ್ಯಾಂಪಿಂದ ರಾಜನ ಪಾರ್ಟು ಬ್ಯಾರೆಯವ್ರಿಗೆ ಅಂದ್ರು. ನಿನ್ನ ಗಂಟಲು ಹೋತಪ, ಮಂತ್ರಿ ಪಾರ್ಟು ಮಾಡು ಅಂದ್ರು. ಇಪ್ಪತ್ತು ವರ್ಷ ಕಿರೀಟ ಹೊತ್ತ ತಲಿ ಇದು! ಹೊಳಿಗೆ ಕರಕೊಂಡು ಹೋಗಿ ಬೇಡಿಕೊಂಡೆ. ಒಲ್ಲೆ ಅಂದ್ರು. ಸಿಟ್ಟಿಗೆ ನೂಕಿದೆ... ಕಲ್ಲಿನ ಮ್ಯಾಲೆ ಬಿದ್ರು."

"ಫೋನು? ಲಾರಿ?"

"ಟಿಪ್ಪರ್ ಓಡ್ಸೋ ನಮ್ಮ ಭಾವ. ಹಂಪಿ ಕಡಿ ಯಾರೂ ಹುಡುಕಬಾರ್ದಂತ ಫೋನ್ ಮಾಡ್ಸಿದೆ. ಆಟ ಮುಗಿಯೋತನ ನಿನ್ನ ತಡಿ ಅಂದಿದ್ದೆ. ಒಂದ ಒಂದು ಆಟ... ಕಡೀ ಸಲ ರಾಜ ಆಗಬೇಕಿತ್ತು ನಾನು."

ಅಳುತ್ತಿದ್ದ. ಬಣ್ಣ ಗದ್ದಕ್ಕೆ ಇಳಿಯುತ್ತಿತ್ತು. ನನಗೂ ಅಯ್ಯೋ ಅನಿಸಿತು. ಅದೇ ನಾನು ಮಾಡಿದ ತಪ್ಪು.

ಗದೆ ನನ್ನ ಹಣೆಗೆ ಬಡಿಯಿತು!

ತಗಡಿನ ಗದೆ. ಆದರೂ ರಕ್ತ ಬಂತು. ಅವನು ರಂಗದ ಮೇಲೆ ನುಗ್ಗಿದ. ಹಾಡುತ್ತಿದ್ದ ಜಂಬಮ್ಮನನ್ನು ದಾಟಿದ. ಜನರ ನಡುವೆ ಜಿಗಿದ! ನಾನೂ ಜಿಗಿದೆ. ಮುಂದೆ ರಾಜ, ಹಿಂದೆ ರಕ್ತ ಸುರಿಸಿಕೊಂಡು ನಾನು. ಕುರ್ಚಿಗಳು ಉರುಳಿದವು. ಇದೂ ನಾಟಕವೇ ಅಂದುಕೊಂಡು ಜನ ಎದ್ದು ನಿಂತು ಕೇಕೆ ಹಾಕಿದರು.

ಗೇಟಿನಲ್ಲಿ ಪಂಪಾವತಿಯ ಕೈಗೆ ಅವನ ಶಾಲು ಸಿಕ್ಕಿತು, ಅವನು ಸಿಗಲಿಲ್ಲ. ರಸ್ತೆಗೆ ಬಿದ್ದ. ಆಟೋಗಳು ಗಕ್ಕನೆ ನಿಂತವು. ಕಾಲುವೆ ಕಟ್ಟೆಯ ಮೇಲೆ ಓಡಿದ. ಹಾರಿ ಆಚೆ ದಡ ಸೇರಿದ್ದರೆ ಸಿಗುತ್ತಿರಲಿಲ್ಲವೇನೋ.

ಆಗ ಕಿರೀಟ ಜಾರಿ ನೀರಿಗೆ ಬಿತ್ತು.

ಅವನು ನಿಂತ. ಬಗ್ಗಿ ಕೈ ಚಾಚಿದ... ನಾನು ಮೇಲೆ ಬಿದ್ದೆ. ಪಂಪಾವತಿ ಕೋಳ ಹಾಕಿದಳು.

"ಮಾರಿ ಮ್ಯಾಲ ಬಣ್ಣ ಐತ್ರಿ," ಅಂತ ಅಂಗಲಾಚಿದ. "ಮಂಗಳ ಆಗೋತನ..."

"ಸ್ಟೇಷನ್ನಿನಾಗ ಹಾಡಸ್ತೀನಿ, ನಡಿ!"

ನಾನು ಡೇರೆಗೆ ಮರಳಿದೆ. ಹೊರಗಿನಿಂದಲೇ ಕೇಳಿಸಿತು. ಜಂಬಮ್ಮ ಹಾಡು ನಿಲ್ಲಿಸಿರಲಿಲ್ಲ. ರಾಜನ ಸಾಲೂ ಆಕೆಯೇ, ರಾಣಿಯ ಸಾಲೂ ಆಕೆಯೇ. ಹಾಗೇ ಕೊನೆಯ ಸೀನು ದಾಟಿಸಿ ಮಂಗಳಕ್ಕೆ ತಂದಳು. ಪೆಟ್ಟಿಗೆಯಿಲ್ಲದ ಹಾಡು. ಜನ ಉಸಿರು ಬಿಗಿಹಿಡಿದು ನಿಂತಿದ್ದರು.

ಪರದೆ ಬಿತ್ತು. ಆಕೆ ಕನ್ನಡಿಯ ಮುಂದೆ ಕೂತು ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಬಣ್ಣ ಒರೆಸತೊಡಗಿದಳು. ನಾನು ಹಿಂದೆ ನಿಂತೆ.

"ಜಂಬಮ್ಮ... ಮಾಸ್ತರು..."

"ತಡಿ. ಹಣಿ ಮ್ಯಾಲಿಂದು ಇನ್ನೂ ಹೋಗಿಲ್ಲ."

ಪೂರ್ತಿ ಒರೆಸಿಕೊಂಡಳು. ನನ್ನ ಕಡೆ ತಿರುಗಿದಳು.

"ಈಗ ಹೇಳು. ಎಲ್ಲಿ ಅದಾರ?"

"ಹಂಪ್ಯಾಗ. ಹೊಳಿ ದಂಡ್ಯಾಗ."

"ಹೋದ್ರು. ಹೌದಲ್ಲ?"

"ಹೌದ್ರಿ. ಉಚ್ಚೆಂಗಪ್ಪ... ಪಾರ್ಟಿನ ಸಲುವಾಗಿ..."

ಆಕೆ ಬಣ್ಣ ಒರೆಸಿದ ಬಟ್ಟೆಯನ್ನು ಮಡಿಚಿಟ್ಟಳು. ಆಮೇಲೆ ತಣ್ಣಗೆ ಅಂದಳು.

"ಹೋಗ್ಯಾರ ಅಂತ ಗೊತ್ತಿತ್ತು."

"ಯಾರು ಹೇಳಿದ್ರು?"

"ನೀನ ಹೇಳಿದಿ. ಇಷ್ಟು ವರ್ಷ ನನ್ನ ಹಾಡು ಕೇಳ್ತಾ ಬರೇ ಅತ್ತೀಯಪ ನೀ. ಒಂದ ದಿನಾನೂ ನಕ್ಕಿಲ್ಲ. ಇವತ್ತು ನಕ್ಕಿ."

ಮೊದಲ ಸೀನಿನಿಂದಲೇ ಗೊತ್ತಿತ್ತು! ಗೊತ್ತಿದ್ದೂ ಕೊನೆಯ ತನಕ ಹಾಡಿದ್ದಳು.

"ಮತ್ತ ಯಾಕ ಹಾಡಿದ್ರಿ?"

"ಬಣ್ಣ ಇರೋತನ ಯಾರೂ ಬಂದು ಹೇಳಂಗಿಲ್ಲಲ್ಲೋ. ಅಲ್ಲೀತನ ಅವರು ಬದುಕಿದ್ರು ನನಗ... ಇನ್ನೊಂದು ಹಾಡು, ಇನ್ನೊಂದು ಹಾಡು ಅಂತ ತಳ್ಳಿದೆ."

ಆಮೇಲೆ ಕಟ್ಟೆ ಒಡೆಯಿತು. ನನ್ನ ಅಂಗಿ ಹಿಡಿದುಕೊಂಡು ಎದೆಗೆ ತಲೆಯಿಟ್ಟು ಅತ್ತಳು. ಎಣ್ಣೆ, ಬಣ್ಣ ಮೆತ್ತಿದ ಕೈ. ಆಕೆ ನನ್ನ ಅಷ್ಟು ಹತ್ತಿರ ಬಂದದ್ದು ಅದೊಂದೇ ಸಲ. ಅದೂ ಗಂಡನಿಗಾಗಿ.

ಕಂಪ್ಲಿ ಕ್ಯಾಂಪು ನಡೆಯಲಿಲ್ಲ. ಜಂಬಮ್ಮ ಮತ್ತೆ ಬಣ್ಣ ಹಚ್ಚಲಿಲ್ಲ.

ಆಕೆ ಹಿಡಿದು ಅತ್ತ ಆ ಅಂಗಿ ನನಗೆ ಗೊತ್ತಿಲ್ಲದೆ ಲಾಂಡ್ರಿಗೆ ಹೋಗಿತ್ತು. ಲಾಂಡ್ರಿಯ ವೆಂಕೋಬ ಅದನ್ನು ಎತ್ತಿ ಹಿಡಿದು ತೋರಿಸಿದ.

"ಏನು ಮಾಡಿದ್ರೂ ಈ ಬಣ್ಣದ ಕಲೆ ಹೋಗವಲ್ದು ನೋಡ್ರಿ!"

"ಹೋತಂದ್ರ ನಿನ್ನ ಕೈಕಾಲು ಮುರೀತೀನಿ," ಅಂದೆ.