ನೋಡದೆ ಹಾಕಿದ ಹಸಿರು ಗುರುತು

"ಈ ವೋಲ್ಟೇಜ್ ರೆಗ್ಯುಲೇಟರನ್ನ ಪಾರ್ಟ್ಸ್ ಲೈಬ್ರರಿಗೆ ಹಾಕಿದ್ದು ಯಾರು?"

ಬಾಗಿಲಲ್ಲಿ ನಿಂತವನ ಕೈಯಲ್ಲಿ ಸುಟ್ಟ ಸರ್ಕ್ಯೂಟ್ ಬೋರ್ಡ್ ಇತ್ತು. ಸೀದ ವಾಸನೆ ಅವನಿಗಿಂತ ಮುಂಚೆಯೇ ಒಳಗೆ ಬಂದಿತ್ತು. ಡಿಸೈನರ್ ಆಗಿ ಸೇರಿ ವಾರವೂ ಆಗಿರಲಿಲ್ಲ, ಆದರೆ ಹೊಸಬನ ಸಂಕೋಚ ಅವನ ಮುಖದಲ್ಲಿ ಎಳ್ಳಷ್ಟೂ ಕಾಣಲಿಲ್ಲ.

ಅವಳು ಕಂಪ್ಯೂಟರಿನಿಂದ ತಲೆಯೆತ್ತಿದಳು.

"ನಾನೇ."

"ಕರೆಂಟ್ ಒಳಗೆ ಬರಬೇಕಾದ ಲೋಹದ ಕಾಲು ಗ್ರೌಂಡಿಗೆ ಹೋಗಿದೆ. ಸ್ವಿಚ್ ಹಾಕಿದ ತಕ್ಷಣ ಹೊಗೆ!"

ಅವಳು ಬೋರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಭೂತಗನ್ನಡಿಯಲ್ಲಿ ನೋಡಿದಳು. ತಯಾರಕರು ಕೊಟ್ಟ ಚಿತ್ರವನ್ನು ತೆರೆದು ಹೋಲಿಸಿದಳು.

"ತಪ್ಪು ನನ್ನದೇ. ಹಳೆಯ ರೆಗ್ಯುಲೇಟರನ್ನ ಕಾಪಿ ಮಾಡಿ ಹೆಸರು ಮಾತ್ರ ಬದಲಾಯಿಸಿದ್ದೆ. ಇದರ ತಯಾರಕರು ಕಾಲುಗಳನ್ನ ಬೇರೆ ಕ್ರಮದಲ್ಲಿ ಇಟ್ಟಿದಾರೆ. ನಾನು ನೋಡಬೇಕಿತ್ತು."

ಜಗಳಕ್ಕೆ ತೋಳೇರಿಸಿ ಬಂದವನು ನಿಂತಲ್ಲೇ ತಬ್ಬಿಬ್ಬಾದ.

"ಅಲ್ಲ... ಇಷ್ಟು ಬೇಗ ಒಪ್ಕೊಂಡ್ರೆ ಹೇಗ್ರೀ? ಮೆಟ್ಟಿಲು ಹತ್ತೋವಾಗ ಇನ್ನೂ ಒಂದಿಷ್ಟು ಮಾತು ಜೋಡಿಸ್ಕೊಂಡು ಬಂದಿದ್ದೆ."

"ಹೇಳಿಬಿಡಿ. ಹೊಟ್ಟೆಯಲ್ಲಿ ಇಟ್ಕೊಂಡ್ರೆ ಅಜೀರ್ಣ ಆಗುತ್ತೆ."

ಅವನು ನಕ್ಕುಬಿಟ್ಟ. ಅವಳು ನಗಲಿಲ್ಲ. ಸುಟ್ಟ ಜಾಗದ ಮೇಲೆ ಮತ್ತೆ ಮತ್ತೆ ಬೆರಳಾಡಿಸುತ್ತಿದ್ದಳು. ಅದನ್ನು ಅವನು ಕಂಡ, ಅವನ ನಗೆಯೂ ಅಲ್ಲಿಗೇ ನಿಂತಿತು.

ನವಜಾತ ಶಿಶುಗಳಿಗೆ ಹನಿಹನಿಯಾಗಿ ಔಷಧಿ ಬಿಡುವ ಯಂತ್ರ ಮಾಡುವ ಸಣ್ಣ ಕಂಪನಿ ಅದು. ಯಂತ್ರದೊಳಗಿನ ಬೋರ್ಡನ್ನು ಮೊದಲು ಕಂಪ್ಯೂಟರಿನಲ್ಲಿ ಚಿತ್ರವಾಗಿ ಬಿಡಿಸಬೇಕು. ಬಿಡಿಸುವವರಿಗೆ ಬೇಕಾದ ಒಂದೊಂದು ಭಾಗವನ್ನೂ ಅವಳು ಮೊದಲೇ ತಯಾರು ಮಾಡಿ 'ಲೈಬ್ರರಿ' ಎಂಬ ಸಂಗ್ರಹದಲ್ಲಿ ಇಡುತ್ತಿದ್ದಳು. ಸರ್ಕ್ಯೂಟಿನಲ್ಲಿ ತೋರಿಸಲು ಒಂದು ಚಿಹ್ನೆ, ಬೋರ್ಡಿನ ಮೇಲೆ ಅದರ ಕಾಲು ಕೂರುವ ತಾಮ್ರದ ಗುರುತುಗಳು, ಎರಡರಲ್ಲೂ ತಾಳೆಯಾಗುವ ನಂಬರ್. ರೆಸಿಸ್ಟರ್‌ಗಳು ಒಂದು ಕಡೆ, ಕನೆಕ್ಟರ್‌ಗಳು ಒಂದು ಕಡೆ, ಕಣ್ಣು ಮುಚ್ಚಿಕೊಂಡು ಹುಡುಕಿದರೂ ಸಿಗಬೇಕು. ಆಫೀಸಿನಲ್ಲಿ ಎಲ್ಲರೂ ಅವಳನ್ನು 'ಉಗ್ರಾಣಿ' ಎನ್ನುತ್ತಿದ್ದರು.

ಉಗ್ರಾಣಿ ತಪ್ಪು ಮಾಡುವುದಿಲ್ಲ ಎಂದೇ ಎಲ್ಲರ ನಂಬಿಕೆ. ಆದ್ದರಿಂದ ಅವಳು ಮಾಡಿದ್ದನ್ನು ಯಾರೂ ತಿರುಗಿ ನೋಡುತ್ತಿರಲಿಲ್ಲ.

ಮನೆಯಲ್ಲೂ ಅದೇ ಕಥೆ. 'ಚಿಕ್ಕವಳು ಜಾಣೆ, ಅವಳ ಚಿಂತೆ ನಮಗಿಲ್ಲ' ಎನ್ನುತ್ತಲೇ ಬೆಳೆಸಿದರು. ಹೊಗಳಿಕೆಯೇನೋ ನಿಜ. ಆದರೆ ಜ್ವರ ಬಂದರೂ ಜಾಣೆ ತಾನೇ ಮಾತ್ರೆ ನುಂಗಿ ಮಲಗುತ್ತಾಳೆ ಎಂದುಕೊಳ್ಳುವ ಮನೆಯಲ್ಲಿ ಜಾಣೆಯಾಗಿರುವುದು ಎಂಥ ಒಂಟಿತನ ಎಂದು ಯಾರಿಗೆ ಹೇಳುವುದು?

ಮಾರನೆಯ ದಿನ ಅವಳೇ ಅವನ ಮೇಜಿನ ಬಳಿ ಹೋದಳು.

"ಇನ್ಮೇಲೆ ನಾನು ಮಾಡಿದ ಪ್ರತಿ ಭಾಗವನ್ನೂ ನೀವು ನೋಡ್ಬೇಕು. ನೀವು ಹಸಿರು ಗುರುತು ಹಾಕಿದ್ಮೇಲೇ ಅದು ಬೇರೆಯವರಿಗೆ ಸಿಗೋದು. ಆಗುತ್ತಾ?"

"ನನ್ನನ್ನೇ ಯಾಕೆ?"

"ಇಡೀ ಆಫೀಸಿನಲ್ಲಿ ನನ್ನ ಮೇಲೆ ರೇಗಿದೋರು ನೀವೊಬ್ಬರೇ."

ಹೀಗೆ ಶುರುವಾಯಿತು. ಅವಳು ಬಿಡಿಸಿದ್ದನ್ನು ಅವನು ನಿಜವಾದ ಅಳತೆಯಲ್ಲಿ ಕಾಗದಕ್ಕೆ ಮುದ್ರಿಸುವನು. ಚಿಮಟದಲ್ಲಿ ಭಾಗವನ್ನು ಹಿಡಿದು ಅದರ ಮೇಲಿಡುವನು. ಎರಡು ತಲೆಗಳು ಒಂದೇ ದೀಪದ ಕೆಳಗೆ ಬಾಗುತ್ತಿದ್ದವು. "ಈ ಕಾಲು ಕೂದಲೆಳೆ ಆಚೆ ಹೋಗಿದೆ ಕಣ್ರೀ" ಎಂದು ಅವನು ಹೇಳಿದಾಗಲೆಲ್ಲ ಅವಳ ಎದೆಯೊಳಗೆ ಏನೋ ಹಗುರವಾಗುತ್ತಿತ್ತು.

'ನನ್ನ ಹಿಂದೆ ಒಬ್ಬನಿದ್ದಾನೆ... ನಾನು ಎಡವಿದರೆ ಹಿಡಿಯುತ್ತಾನೆ.'

'ನೀವು' ಯಾವಾಗಲೋ 'ನೀನು' ಆಯಿತು. ಒಂದು ಸಂಜೆ, ದೀಪ ಆರಿಸುವ ಮುಂಚೆ ಅವನು ಕೇಳಿದ: "ಭಾನುವಾರ ಅಮ್ಮನನ್ನ ನಿಮ್ಮ ಅಕ್ಕನ ಮನೆಗೆ ಕರ್ಕೊಂಡು ಬರ್ಲಾ?"

ಅವಳು ಹೂಂ ಎಂದು ತಲೆಯಾಡಿಸಿದಳು.

ಅಲ್ಲಿಂದಲೇ ಎಡವಟ್ಟಾಯಿತು ನೋಡಿ. ಒಪ್ಪಿಗೆ ಸಿಕ್ಕಿದ ಮೇಲೆ ಗಂಡಸಿಗೆ ಬುದ್ಧಿ ಕೆಡುತ್ತದೆ. ಅವಳು ಕಳಿಸಿದ ಭಾಗಗಳಿಗೆ ಹಸಿರು ಗುರುತು ತಕ್ಷಣ ಬೀಳತೊಡಗಿತು. ಪ್ರಿಂಟರ್ ಸದ್ದಿಲ್ಲ. ಚಿಮಟ ಡಬ್ಬಿಯಿಂದ ಹೊರಗೆ ಬರುತ್ತಿಲ್ಲ.

'ನೋಡುತ್ತಿದ್ದಾನಾ? ಇಲ್ಲ, ಸುಮ್ಮನೆ ಹಾಕುತ್ತಿದ್ದಾನಾ?'

ಬಾಯಿಬಿಟ್ಟು ಕೇಳಬಹುದಿತ್ತು. ಕೇಳಲಿಲ್ಲ. ಶುಕ್ರವಾರ ಒಂದು ಕನೆಕ್ಟರಿನ ಎರಡು ಕಾಲುಗಳ ನಂಬರನ್ನು ಬೇಕೆಂದೇ ಅದಲುಬದಲು ಮಾಡಿ ಕಳಿಸಿದಳು. ಪ್ರೀತಿಸಿದವನಿಗೆ ಬಲೆ ಒಡ್ಡುವುದು ಒಳ್ಳೆಯ ಕೆಲಸವಲ್ಲ, ಅದು ಅವಳಿಗೂ ಗೊತ್ತಿತ್ತು.

ಅವಳ ಟೀ ಆರುವ ಮುಂಚೆಯೇ ಹಸಿರು ಗುರುತು ಬಿತ್ತು.

ಅವಳು ಆ ಭಾಗವನ್ನು ಆಗಲೇ ಅಳಿಸಿದಳು. ನೆಟ್ಟಗೆ ಅವನ ಮುಂದೆ ಹೋಗಿ ನಿಂತಳು.

"ನೀನು ನೋಡಲೇ ಇಲ್ಲ."

"ನೀನು ಮಾಡಿದ್ದು ಅಂದ್ಮೇಲೆ ನೋಡೋದೇನಿದೆ?"

"ಒಂದನೇ ಕಾಲು, ಎರಡನೇ ಕಾಲು ಅದಲುಬದಲಾಗಿತ್ತು. ನಾನೇ ಮಾಡಿದ್ದೆ."

ಅವನ ಮುಖ ಕೆಂಪಾಯಿತು. "ಬೇಕಂತಲೇ? ನನ್ನನ್ನ ಪರೀಕ್ಷೆ ಮಾಡಿದ್ಯಾ? ನಾನು ನಿನ್ನ ನಂಬಿದ್ದು ತಪ್ಪಾಯ್ತಾ?"

"ಹೌದು, ತಪ್ಪೇ. ನನ್ನನ್ನ ಎಲ್ಲರೂ ನಂಬ್ತಾರೆ. ನಂಬಿ ಬಿಟ್ಟು ಹೋಗ್ತಾರೆ. ಅಂಥೋರು ನನ್ನ ಜೀವನದಲ್ಲಿ ಬೇಕಾದಷ್ಟು ಜನ ಇದಾರೆ. ಭಾನುವಾರ ಅಮ್ಮನಿಗೆ ಬರೋದು ಬೇಡ ಅಂತ ಹೇಳು."

ಅಂದು ಸಂಜೆ ಮನೆಯಲ್ಲಿ ಅಕ್ಕ ವಿಷಯ ಕೇಳಿ ಸೊಂಟದ ಮೇಲೆ ಕೈಯಿಟ್ಟಳು.

"ಲೋಕದಲ್ಲಿರೋ ಹೆಂಗಸರೆಲ್ಲ ಗಂಡ ತಪ್ಪು ಹುಡುಕ್ತಾನೆ ಅಂತ ಅಳ್ತಾರೆ. ನೀನೊಬ್ಬಳು, ಹುಡುಕಲ್ಲ ಅಂತ ಅಳ್ತೀಯಲ್ಲೇ."

"ನಿಂಗೆ ಅರ್ಥ ಆಗಲ್ಲ ಬಿಡಕ್ಕ."

"ನಂಗೇ ಅರ್ಥ ಆಗಲ್ಲ ಅಂದ್ರೆ ಆ ಹುಡುಗನಿಗೆ ಹೇಗೆ ಆಗ್ಬೇಕು? ಯಾವತ್ತಾದ್ರೂ ಬಿಡಿಸಿ ಹೇಳಿದೀಯಾ?"

ಅವಳು ಎದ್ದು ಒಳಗೆ ಹೋಗಿಬಿಟ್ಟಳು. ಭಾನುವಾರ ಯಾರೂ ಬರಲಿಲ್ಲ. ಅಕ್ಕ ಒರೆಸಿಟ್ಟ ಕುರ್ಚಿಗಳು ಖಾಲಿಯಾಗಿಯೇ ಉಳಿದವು.

ಸೋಮವಾರ ಬೆಳಿಗ್ಗೆ ಅವಳು ಬಂದಾಗ ಅವನು ಆಗಲೇ ಅವಳ ಕೋಣೆಯಲ್ಲಿದ್ದ. ಗಡ್ಡ ಬೋಳಿಸಿರಲಿಲ್ಲ. ಮೇಜಿನ ತುಂಬ ಮುದ್ರಿಸಿದ ಹಾಳೆಗಳು, ಬಿಡಿಭಾಗಗಳು.

"ಏನಿದು?"

"ನಾನು ನೋಡದೆ ಹಸಿರು ಹಾಕಿದ್ದನ್ನೆಲ್ಲ ಮತ್ತೆ ನೋಡಿದೆ. ನಿನ್ನೆ ಇಡೀ ದಿನ ಇಲ್ಲೇ ಇದ್ದೆ." ಅವನು ಒಂದು ಹಾಳೆಯನ್ನು ಅವಳ ಮುಂದೆ ಸರಿಸಿದ. "ಒಂದು ತಪ್ಪು ಸಿಕ್ಕಿದೆ."

ಅವಳು ಬ್ಯಾಗನ್ನೂ ಇಡದೆ ಮೇಜಿಗೆ ಬಾಗಿದಳು. "ಯಾವುದು?"

"ರಿಲೇ ಸ್ವಿಚ್. ಬೋರ್ಡಿನಲ್ಲಿ ಅದರ ತೂತು ಚಿಕ್ಕದಾಗಿದೆ, ಕಾಲು ಒಳಗೆ ಹೋಗಲ್ಲ. ಇವತ್ತು ಬೋರ್ಡುಗಳು ತಯಾರಿಕೆಗೆ ಹೋಗ್ಬೇಕಿತ್ತಲ್ಲ, ಈಗ ತಾನೇ ನಿಲ್ಲಿಸೋಕೆ ಹೇಳಿ ಬಂದೆ. ಹೊಣೆ ನಂದು ಅಂತಾನೂ ಹೇಳಿದೀನಿ."

ಅವಳು ಕ್ಯಾಲಿಪರ್ ತೆಗೆದುಕೊಂಡು ಕಾಲನ್ನು ಅಳೆದಳು. ಪರದೆಯ ಮೇಲಿನ ಅಂಕಿ ನೋಡಿದಳು. ಮತ್ತೊಮ್ಮೆ ಅಳೆದಳು. ನಿಜ. ಇದು ಬೇಕೆಂದು ಮಾಡಿದ್ದಲ್ಲ. ಅಪ್ಪಟ ಅವಳದೇ ತಪ್ಪು.

"ಹೊಣೆ ಇಬ್ಬರದೂ," ಎಂದಳು ಮೆಲ್ಲಗೆ.

"ನಿನ್ನ ಕೆಲಸದಲ್ಲಿ ತಪ್ಪು ಹುಡುಕೋದು ಅಂದ್ರೆ... ಅಮ್ಮ ಬಡಿಸಿದ ಅನ್ನದಲ್ಲಿ ಕಲ್ಲು ಹುಡುಕಿದ ಹಾಗೆ ಅನ್ನಿಸ್ತಿತ್ತು. ನಿಂಗೆ ನೋವಾಗುತ್ತೆ ಅಂದ್ಕೊಂಡೆ. ನಿನ್ನನ್ನ ಕೇಳಲೇ ಇಲ್ಲ ನೋಡು, ನನ್ನಂಥ ದಡ್ಡ."

"ನಾನೂ ಹೇಳ್ಲಿಲ್ಲ. ಹೇಳೋ ಬದಲು ಬಲೆ ಹಾಕಿದೆ. ಅದು ನಂದು ತಪ್ಪು."

ಅವಳು ಕ್ಯಾಲಿಪರನ್ನು ಕೆಳಗಿಟ್ಟಳು.

"ನನ್ನನ್ನ ಜಾಣೆ ಅನ್ಬೇಡ," ಅವಳ ದನಿ ಒಡೆಯಿತು. "ನಾನು ತಪ್ಪು ಮಾಡ್ತೀನಿ, ಸುಸ್ತಾಗ್ತೀನಿ, ಎಷ್ಟೋ ಸಲ ನಂಗೆ ಏನೂ ಗೊತ್ತಿರಲ್ಲ. ಯಾರಾದ್ರೂ ನೋಡ್ತಾ ಇರ್ಬೇಕು ಅನ್ಸುತ್ತೆ. ನೀನೇ ನೋಡ್ತಾ ಇರ್ಬೇಕು ಅನ್ಸುತ್ತೆ."

ಅವನು ಕೈ ಚಾಚಿದ. ಅವಳು ಹಿಡಿದುಕೊಂಡಳು. ಹಾಳೆಯ ಮಸಿ ಅವನ ಬೆರಳಿನಿಂದ ಅವಳ ಬೆರಳಿಗೂ ಮೆತ್ತಿತು.

"ಇವತ್ತು ನಿನ್ನ ಕಣ್ಣು ಕೆಂಪಗಿದೆ," ಎಂದ. "ರಾತ್ರಿ ಊಟ ಮಾಡಿಲ್ಲ ನೀನು."

ಅವಳು ಅಳುತ್ತಲೇ ನಕ್ಕಳು. ಕುರ್ಚಿ ಎಳೆದು ಕೂತು ರಿಲೇಯ ತೂತಿನ ಅಳತೆ ತಿದ್ದಿದಳು. ಪಕ್ಕಕ್ಕೆ ಸರಿದು ಅವನಿಗೂ ಜಾಗ ಮಾಡಿಕೊಟ್ಟಳು.

"ನೋಡು, ಈಗ ಸರಿಯಾಯ್ತಾ?"

ಅವನು ಪರದೆಗೆ ಬಾಗಿದ. ಅಂಕಿ ನೋಡಿದ, ಕಾಲು ಅಳೆದ, ಮತ್ತೆ ಅಂಕಿ ನೋಡಿದ. ಹೊರಗೆ ಆಫೀಸು ತುಂಬುತ್ತಿತ್ತು, ಯಾರೋ ಇಣುಕಿ ಮುಸಿಮುಸಿ ನಕ್ಕು ಹೋದರು. ಅವನು ಕದಲಲಿಲ್ಲ.

"ಇನ್ನೂ ಮುಗೀಲಿಲ್ವಾ?"

"ಇಲ್ಲ. ಇನ್ನೂ ನೋಡ್ತಿದೀನಿ."

"ನೋಡು," ಎಂದಳು ಅವಳು, ತಲೆಯನ್ನು ಅವನ ಭುಜಕ್ಕೆ ಆನಿಸಿ. "ಆತುರ ಏನಿಲ್ಲ."