ಸೀಸದ ಪಾರಿವಾಳ

ನಂಬುವುದು ಬಿಡುವುದು ನಿಮ್ಮಿಷ್ಟ, ನಡೆದದ್ದನ್ನು ಹೇಳುತ್ತೇನೆ. ಮೊದಲ ಮಹಾಯುದ್ಧದ ಟ್ಯಾಂಕುಗಳು ಹುಟ್ಟಿದ ನಮ್ಮ ಲಿಂಕನ್ ಊರಿನಲ್ಲಿ, ಹಿತ್ತಲ ಶೆಡ್ಡಿನಲ್ಲಿ ಕೂತು ಅವುಗಳ ಪುಟ್ಟ ಮಾದರಿ ಮಾಡುವುದೇ ನನ್ನ ಸುಖ. ಆ ಟ್ಯಾಂಕುಗಳಲ್ಲಿ ಸುದ್ದಿ ಒಯ್ಯಲು ಪಾರಿವಾಳಗಳಿರುತ್ತಿದ್ದವು. ನಾನೂ ಕಡಲೆಕಾಳಿನಷ್ಟು ಸೀಸದ ಪಾರಿವಾಳ ಎರಕ ಹೊಯ್ದು, ತಂತಿಬುಟ್ಟಿಯಲ್ಲಿ ಕೂರಿಸಿ, ನನ್ನ ಮಾದರಿ ಟ್ಯಾಂಕಿನೊಳಗಿಟ್ಟು ಅಂಟಿಸಿ ಮುಚ್ಚಿದೆ.

ಭಾನುವಾರ ಮಧ್ಯಾಹ್ನ ಚಹಾ ತಂದ ಹೆಂಡತಿ ಎನಿಡ್ ಕಿವಿಗೊಟ್ಟಳು. “ರೀ, ಏನೋ ಕೆರೀತಿದೆ.”

“ಇಲಿ ಇರ್ಬೇಕು ಕಣೇ.”

“ಶೆಡ್ಡಲ್ಲಲ್ಲ, ನಿಮ್ಮ ಟ್ಯಾಂಕಲ್ಲಿ!”

ಮುಟ್ಟಿದೆ. ಹಿಮ ಬೀಳುವ ಚಳಿಯಲ್ಲೂ ಅದು ಚಹಾದ ಕಪ್ಪಿನಷ್ಟು ಬೆಚ್ಚಗಿತ್ತು. ಸುಟ್ಟ ಎಣ್ಣೆಯ ವಾಸನೆ ಬರುತ್ತಿತ್ತು.

“ಪಾರಿವಾಳ ಹೊರಗೆ ಬಿಡೋ ಕಿಂಡಿ ಎಲ್ರೀ?”

ಕೊರೆಯುವುದನ್ನೇ ಮರೆತಿದ್ದೆ.

“ಮೊಳೆ ಒಂದೂ ಬಿಡ್ದೆ ಕೂರ್ಸಿದ್ದೀರಿ, ಕಿಂಡಿ ಮರ್ತ್ರಾ? ಕೊರೀರಿ, ಪಾಪ ಅದು!”

ಕೊರೆದೆ. ಕೆರೆತ ನಿಂತಿತು, ಬಿಸಿಯೂ ಇಳಿಯಿತು. ಇಬ್ಬರೂ ನಕ್ಕು ನೆಮ್ಮದಿಯಾಗಿ ಚಹಾ ಮುಗಿಸಿದೆವು. ಆಮೇಲೆ ಕಿಂಡಿಯಲ್ಲಿ ಟಾರ್ಚ್ ಬಿಟ್ಟು ನೋಡಿದೆ. ಬುಟ್ಟಿಯ ಮುಚ್ಚಳ ತೆರೆದಿತ್ತು, ಪಾರಿವಾಳ ಇರಲಿಲ್ಲ.

ಟ್ಯಾಂಕ್ ಈಗ ಬೀಗ ಹಾಕಿದ ಗಾಜಿನ ಪೆಟ್ಟಿಗೆಯಲ್ಲಿದೆ. ಎನಿಡ್ ದಿನವೂ ಅದರ ಕಿಂಡಿಯ ಮುಂದೆ ಒಂದು ಸಾಸಿವೆಕಾಳು ಇಟ್ಟು ಬೀಗ ಹಾಕುತ್ತಾಳೆ. ಬೆಳಗಾಗುವಷ್ಟರಲ್ಲಿ ಕಾಳು ಇರುವುದಿಲ್ಲ.